ಚಿಟಿಕೆ ಉಪ್ಪು, ಹಿಡಿ ಬೆಲ್ಲ, ಅರ್ಧ ಸೇರು ನೀರು



ನಿಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಔಷಧದ ಅಂಗಡಿಯಲ್ಲೋ ಒಂದು ಓ.ಆರ್.ಎಸ್. ಪೊಟ್ಟಣವನ್ನು ಕೇಳಿ ಪಡೆಯಿರಿ. ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿರಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ಒಂದು ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ, ಅಡುಗೆ ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಅಷ್ಟೇ. ನಿಮ್ಮ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಇವೆಲ್ಲವೂ ಕಪಾಟಿನಲ್ಲೇ ಇರುತ್ತವೆ. ಬೆಲೆ ಬಾಳುವ ವಸ್ತು ಇದರಲ್ಲಿ ಒಂದೂ ಇಲ್ಲ.

ಈಗ ಎರಡು ಸಂಖ್ಯೆಗಳನ್ನು ನೋಡಿ. 1970ರ ದಶಕದ ಕೊನೆಯಲ್ಲಿ ಪ್ರಪಂಚದ ಬಡ ದೇಶಗಳಲ್ಲಿ ಐದು ವರ್ಷದೊಳಗಿನ ಮಕ್ಕಳು ಭೇದಿಯಿಂದ ಪ್ರತಿವರ್ಷ ಸುಮಾರು 46 ಲಕ್ಷದಷ್ಟು ಸಾಯುತ್ತಿದ್ದರು ಎಂಬುದು ಅಂದಿನ ಅಂದಾಜು. ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಕೊಟ್ಟ ಲೆಕ್ಕದಂತೆ ಆ ಸಂಖ್ಯೆ ವರ್ಷಕ್ಕೆ ಸುಮಾರು 4.4 ಲಕ್ಷ. ಇದು ಸಣ್ಣ ಸಂಖ್ಯೆಯಲ್ಲ. ಆದರೂ ಹತ್ತರಲ್ಲಿ ಒಂದು ಪಾಲಿಗೆ ಇಳಿದಿದೆ. ಶುದ್ಧ ನೀರು, ಲಸಿಕೆ, ತಾಯಂದಿರ ವಿದ್ಯಾಭ್ಯಾಸ, ಉತ್ತಮ ಆಹಾರ ಇವೆಲ್ಲಕ್ಕೂ ಈ ಇಳಿಕೆಯಲ್ಲಿ ಪಾಲಿದೆ. ಆದರೆ ನಿಮ್ಮ ಕೈಯಲ್ಲಿರುವ ಆ ಪೊಟ್ಟಣಕ್ಕೆ ಸಲ್ಲಬೇಕಾದ ಪಾಲು ದೊಡ್ಡದು.

ಅದರ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಒಂದು ಆವಿಷ್ಕಾರದ ಕಥೆಯಾಗಿ ಹೇಳುತ್ತೇವೆ. ವಿಜ್ಞಾನದ ವಿದ್ಯಾರ್ಥಿಯಾಗಿದ್ದಾಗ ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಆವಿಷ್ಕಾರ ಆದದ್ದು 1968ರಲ್ಲಿ. ಅದು ಒಂದು ಇಡೀ ದೇಶದ ಅಡುಗೆಮನೆಗಳನ್ನು ತಲುಪಿದ್ದು 1990ರಲ್ಲಿ. ನಡುವಿನ 22 ವರ್ಷ ಏನಾಯಿತು? ಈ ಲೇಖನದ ವಿಷಯ ಅದು.

ನೀರಿಲ್ಲದೆ ಸಾಯುವ ರೋಗ

ಗಂಗೆ ಮತ್ತು ಬ್ರಹ್ಮಪುತ್ರ ನದಿಗಳು ಸಮುದ್ರ ಸೇರುವ ಬಂಗಾಳದ ಬಯಲು ಕಾಲರಾದ ಹಳೆಯ ನೆಲೆ. 1817ರಲ್ಲಿ ಅಲ್ಲಿಂದ ಹೊರಟ ರೋಗವು ವ್ಯಾಪಾರಿಗಳ, ಯಾತ್ರಿಕರ, ಸೈನಿಕರ ಜೊತೆಯಲ್ಲಿ ಏಷ್ಯಾವನ್ನೆಲ್ಲ ವ್ಯಾಪಿಸಿತು. ಮುಂದಿನ ಅಲೆಗಳು ಯೂರೋಪು, ಅಮೆರಿಕಗಳನ್ನೂ ಮುಟ್ಟಿದವು. ನಮ್ಮ ಹಳ್ಳಿಗಳ ಹಿರಿಯರು ಇದನ್ನು ವಾಂತಿಭೇದಿ ಎಂದು ಕರೆದರು. ಬೆಳಗ್ಗೆ ಗಟ್ಟಿಯಾಗಿದ್ದ ಆಳು ಸಂಜೆಯ ಹೊತ್ತಿಗೆ ಹೆಣವಾಗುತ್ತಿದ್ದ. ಮಾರಿಯ ಮುನಿಸೆಂದು ಜನ ಊರನ್ನೇ ಬಿಟ್ಟುಹೋಗುತ್ತಿದ್ದರು.

ಈ ರೋಗ ಕೊಲ್ಲುವುದು ಹೇಗೆ? ತೀವ್ರ ಕಾಲರಾದಲ್ಲಿ ವಯಸ್ಕನೊಬ್ಬನ ದೇಹದಿಂದ ಗಂಟೆಗೆ ಒಂದು ಲೀಟರ್‌ವರೆಗೂ ನೀರು ಹೊರಹೋಗಬಹುದು. ನೀರಿನ ಜೊತೆಗೆ ಲವಣಗಳೂ ಹೋಗುತ್ತವೆ. ಕಣ್ಣು ಗುಳಿ ಬೀಳುತ್ತದೆ, ಚರ್ಮ ಸುಕ್ಕುಗಟ್ಟುತ್ತದೆ, ನಾಡಿ ಕೈಗೆ ಸಿಗದಾಗುತ್ತದೆ. ರೋಗಾಣು ನೇರವಾಗಿ ಕೊಲ್ಲುವುದಿಲ್ಲ. ನೀರು ಮತ್ತು ಉಪ್ಪಿನ ನಷ್ಟ ಕೊಲ್ಲುತ್ತದೆ. ಆ ನಷ್ಟವನ್ನು ತುಂಬಿಕೊಟ್ಟರೆ, ದೇಹ ತಾನಾಗಿಯೇ ಕೆಲವು ದಿನಗಳಲ್ಲಿ ರೋಗವನ್ನು ಹೊರದೂಡುತ್ತದೆ.

ಈ ಸತ್ಯವನ್ನು ರೋಗಾಣುವನ್ನು ಕಾಣುವ ಮೊದಲೇ ಒಬ್ಬ ತರುಣ ವೈದ್ಯ ಗ್ರಹಿಸಿದ್ದ. 1831ರಲ್ಲಿ ಬ್ರಿಟನ್ನಿನಲ್ಲಿ ಕಾಲರಾ ಹಬ್ಬಿದಾಗ ವಿಲಿಯಂ ಬ್ರೂಕ್ ಓಶಾನೆಸ್ಸಿ ಎಂಬಾತ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದು ನೀರನ್ನೂ ಲವಣಗಳನ್ನೂ ಕಳೆದುಕೊಂಡಿದೆ ಎಂದು ತೋರಿಸಿದ. (ಇದೇ ಓಶಾನೆಸ್ಸಿ ಮುಂದೆ ಭಾರತಕ್ಕೆ ಬಂದು ಇಲ್ಲಿ ತಂತಿ ವ್ಯವಸ್ಥೆಯನ್ನು ಹಾಕಿಸಿದ.) ಮರುವರ್ಷ, 1832ರಲ್ಲಿ, ಸ್ಕಾಟ್ಲೆಂಡಿನ ವೈದ್ಯ ಥಾಮಸ್ ಲಟ್ಟಾ ಉಪ್ಪುನೀರನ್ನು ನೇರವಾಗಿ ರೋಗಿಗಳ ರಕ್ತನಾಳಕ್ಕೆ ಹರಿಸಿದ. ಸಾಯುವಂತಿದ್ದ ಕೆಲವರು ಎದ್ದು ಕುಳಿತರು. ಇಂದು ನಾವು ‘ಸಲೈನ್’ ಅಥವಾ ‘ಡ್ರಿಪ್’ ಎನ್ನುವ ಚಿಕಿತ್ಸೆಯ ಮೊದಲ ರೂಪ ಅದು. 20ನೆಯ ಶತಮಾನದ ಆರಂಭದಲ್ಲಿ ಲಿಯೊನಾರ್ಡ್ ರಾಜರ್ಸ್ ಎಂಬ ವೈದ್ಯರು ಕಲ್ಕತ್ತದಲ್ಲಿ ಇದನ್ನು ಸುಧಾರಿಸಿ, ಕಾಲರಾ ಸಾವುಗಳನ್ನು ಗಣನೀಯವಾಗಿ ತಗ್ಗಿಸಿದರು.

ರೋಗಾಣುವಿನ ಅಧ್ಯಯನವೂ ಜೊತೆಜೊತೆಗೆ ಸಾಗಿತ್ತು. 1884ರಲ್ಲಿ ರಾಬರ್ಟ್ ಕಾಖ್ ಕಲ್ಕತ್ತದಲ್ಲಿ ಕಾಲರಾ ರೋಗಾಣುವನ್ನು ಪ್ರತ್ಯೇಕಿಸಿ ಬೆಳೆಸಿದರು. 1959ರಲ್ಲಿ ಕಲ್ಕತ್ತದ ಶಂಭುನಾಥ ಡೇ, ರೋಗಾಣುವನ್ನು ಪೂರ್ತಿಯಾಗಿ ಸೋಸಿ ತೆಗೆದ ದ್ರವವೂ ಮೊಲದ ಕರುಳಿನಲ್ಲಿ ನೀರು ತುಂಬಿಸುತ್ತದೆ ಎಂದು ತೋರಿಸಿದರು. ಅಂದರೆ ರೋಗಾಣು ಹೊರಸೂಸುವ ಒಂದು ವಿಷವಸ್ತುವೇ ಈ ಎಲ್ಲ ಅನಾಹುತಕ್ಕೆ ಕಾರಣ. ಸೀಮಿತ ಸಲಕರಣೆಗಳಿಂದ ಮಾಡಿದ ಈ ಕೆಲಸ ಅವರು ಬದುಕಿದ್ದಾಗ ನಮ್ಮ ದೇಶದಲ್ಲಿ ತಕ್ಕಷ್ಟು ಮನ್ನಣೆ ಪಡೆಯಲಿಲ್ಲ.

ಹೀಗೆ ಕಾರಣವೂ ಗೊತ್ತಿತ್ತು, ಚಿಕಿತ್ಸೆಯೂ ಗೊತ್ತಿತ್ತು. ತೊಂದರೆ ಬೇರೆಡೆ ಇತ್ತು. ಡ್ರಿಪ್ ಹಾಕಲು ಶುದ್ಧೀಕರಿಸಿದ ದ್ರವದ ಬಾಟಲಿ ಬೇಕು, ಸೂಜಿ ಬೇಕು, ತರಬೇತಾದ ಕೈ ಬೇಕು, ಆಸ್ಪತ್ರೆ ಬೇಕು. ಮಳೆಗಾಲದಲ್ಲಿ ದೋಣಿಯಿಲ್ಲದೆ ಹೊರಡಲಾಗದ ಬಂಗಾಳದ ಹಳ್ಳಿಯಲ್ಲಿ ಇವು ಯಾವುವೂ ಇರಲಿಲ್ಲ.

ಕರುಳಿನ ಇನ್ನೊಂದು ಬಾಗಿಲು

ನೀರನ್ನು ಬಾಯಿಂದಲೇ ಏಕೆ ಕುಡಿಸಬಾರದು? ನೀವು ಸಹಜವಾಗಿ ಕೇಳಬಹುದಾದ ಪ್ರಶ್ನೆ ಇದು. ಬರಿಯ ನೀರನ್ನೋ ಬರಿಯ ಉಪ್ಪುನೀರನ್ನೋ ಕುಡಿಸಿದರೆ ಕಾಲರಾ ರೋಗಿಯ ಕರುಳು ಅದನ್ನು ಸಾಕಷ್ಟು ಹೀರಿಕೊಳ್ಳುವುದಿಲ್ಲ. ಕುಡಿದದ್ದು ಹೊರಗೆ ಹೋಗುತ್ತದೆ. ಆದ್ದರಿಂದ ಭೇದಿಯಾದಾಗ ಕರುಳಿಗೆ ‘ವಿಶ್ರಾಂತಿ’ ಕೊಡಬೇಕು ಎಂದೇ ವೈದ್ಯಕೀಯವೂ ಬಹುಕಾಲ ನಂಬಿತ್ತು. ಭೇದಿಯಾದ ಮಗುವಿಗೆ ನೀರು ಕೊಡಬಾರದು ಎಂಬ ಮಾತನ್ನು ನನ್ನ ಬಾಲ್ಯದಲ್ಲಿ ನಾನೂ ಕೇಳಿದ್ದೇನೆ. ನಿಮ್ಮಲ್ಲಿ ಕೆಲವರು ಇಂದಿಗೂ ಕೇಳಿರಬಹುದು.

1953ರಲ್ಲಿ ಕಲ್ಕತ್ತದ ವೈದ್ಯ ಹೇಮೇಂದ್ರನಾಥ ಚಟರ್ಜಿ ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು 186 ಕಾಲರಾ ರೋಗಿಗಳಿಗೆ ಕುಡಿಸಿ, ಫಲಿತಾಂಶವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಆದರೆ ಗ್ಲೂಕೋಸ್ ಏಕೆ ಬೇಕು ಎಂಬ ವಿವರಣೆ ಆಗ ಯಾರ ಬಳಿಯೂ ಇರಲಿಲ್ಲ. ವಿವರಣೆಯಿಲ್ಲದ ಅನುಭವ ಬದಿಗೆ ಸರಿಯಿತು.

ವಿವರಣೆ ಬಂದದ್ದು 1960ರಲ್ಲಿ. ಸಣ್ಣಕರುಳಿನ ಒಳಪದರದ ಜೀವಕೋಶಗಳಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಒಂದೇ ವಾಹಕದ ಮೂಲಕ ಜೋಡಿಯಾಗಿ ಒಳಗೆ ಸಾಗುತ್ತವೆ ಎಂದು ರಾಬರ್ಟ್ ಕ್ರೇನ್ ಸೂಚಿಸಿದರು. ಇದನ್ನು ಎರಡು ಬಾಗಿಲುಗಳಿರುವ ಮನೆಗೆ ಹೋಲಿಸಬಹುದು. ಸೋಡಿಯಂ ತಾನೊಂದೇ ಒಳಗೆ ಹೋಗುವ ಬಾಗಿಲನ್ನು ಕಾಲರಾದ ವಿಷ ಮುಚ್ಚಿಬಿಡುತ್ತದೆ. ಆದರೆ ಗ್ಲೂಕೋಸಿನ ಕೈಹಿಡಿದು ಹೋಗುವ ಬಾಗಿಲು ತೆರೆದೇ ಇರುತ್ತದೆ. ಸೋಡಿಯಂ ಮತ್ತು ಗ್ಲೂಕೋಸ್ ಒಳಗೆ ಹೋದಲ್ಲಿಗೆ ಪರಾಸರಣದ ನಿಯಮದಂತೆ ನೀರೂ ಹಿಂಬಾಲಿಸುತ್ತದೆ. ಆದರೆ ಪ್ರಮಾಣ ತಪ್ಪಬಾರದು. ಸಕ್ಕರೆ ಅತಿಯಾದರೆ ಅದೇ ಪರಾಸರಣ ನೀರನ್ನು ದೇಹದಿಂದ ಕರುಳಿಗೆ ಎಳೆಯುತ್ತದೆ, ಭೇದಿ ಹೆಚ್ಚುತ್ತದೆ. ಉಪ್ಪು ಅತಿಯಾದರೆ ಮಗುವಿನ ಪ್ರಾಣಕ್ಕೇ ಅಪಾಯ. 1960ರ ದಶಕದ ಆರಂಭದಲ್ಲಿ ಮನಿಲಾದಲ್ಲಿ ಲವಣಾಂಶ ಹೆಚ್ಚಾಗಿದ್ದ ದ್ರಾವಣವನ್ನು ಕುಡಿಸಿ ನೋಡಿದಾಗ ಕೆಲವು ರೋಗಿಗಳು ತೀರಿಕೊಂಡರು. ಆ ಕಹಿ ಅನುಭವ ಸಂಶೋಧಕರನ್ನು ಹಲವು ವರ್ಷ ಹಿಂಜರಿಯುವಂತೆ ಮಾಡಿತು.

1960ರಲ್ಲಿ ಢಾಕಾದಲ್ಲಿ ಕಾಲರಾ ಸಂಶೋಧನಾ ಪ್ರಯೋಗಾಲಯ ಸ್ಥಾಪನೆಯಾಗಿತ್ತು. ಅಲ್ಲಿಯೂ ಕಲ್ಕತ್ತದಲ್ಲಿಯೂ ಸಂಶೋಧಕರ ತಂಡಗಳು ಇದೇ ಸಮಸ್ಯೆಯನ್ನು ಬಿಡಿಸುತ್ತಿದ್ದವು. ಅಲ್ಲಿನ ರೋಗಿಗಳ ಮಂಚದ ರಚನೆ ವಿಶಿಷ್ಟವಾಗಿತ್ತು: ಕ್ಯಾನ್ವಾಸ್ ಮಂಚದ ನಡುವೆ ಒಂದು ರಂಧ್ರ, ಅದರ ಕೆಳಗೆ ಅಳತೆಯ ಗುರುತುಳ್ಳ ಬಕೆಟ್. ರೋಗಿ ಎಷ್ಟು ನೀರು ಕಳೆದುಕೊಂಡ ಎಂಬುದನ್ನು ನೋಡಿದೊಡನೆ ಹೇಳಬಹುದಿತ್ತು. ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ಇಬ್ಬರು ತರುಣ ಅಮೆರಿಕನ್ ವೈದ್ಯರು ಬಂಗಾಳಿ ಸಹೋದ್ಯೋಗಿಗಳ ಜೊತೆ ಸೇರಿ ಸರಳವಾದ ಒಂದು ನಿಯಮವನ್ನು ಹಿಡಿದರು: ಎಷ್ಟು ಹೊರಹೋಗುತ್ತದೆಯೋ ಅಷ್ಟನ್ನು ಕುಡಿಸಬೇಕು. 1968ರ ಆಗಸ್ಟಿನಲ್ಲಿ ಅವರು 29 ರೋಗಿಗಳ ಫಲಿತಾಂಶವನ್ನು ಪ್ರಕಟಿಸಿದರು. ಬಾಯಿಂದ ಕುಡಿಸಿದ ದ್ರಾವಣದಿಂದಾಗಿ ರಕ್ತನಾಳದ ಮೂಲಕ ಕೊಡಬೇಕಾದ ದ್ರವದ ಅಗತ್ಯ ಶೇ. 80ರಷ್ಟು ಇಳಿದಿತ್ತು.

ಬನಗಾಂವ್, 1971

ಆಸ್ಪತ್ರೆಯಲ್ಲಿ, ತಜ್ಞರ ಕಣ್ಣೆದುರು, ಅಳತೆಯ ಬಕೆಟ್ ಇಟ್ಟುಕೊಂಡು ಮಾಡಿದ್ದು ಹೊರಗೆ ನಡೆಯುತ್ತದೆಯೆ? ಈ ಪ್ರಶ್ನೆಗೆ ಉತ್ತರ ಒಂದು ಮಹಾದುರಂತದ ನಡುವೆ ದೊರೆಯಿತು.

1971ರಲ್ಲಿ ಬಾಂಗ್ಲಾದೇಶದ ವಿಮೋಚನಾ ಯುದ್ಧದ ಸಮಯದಲ್ಲಿ ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಭಾರತಕ್ಕೆ ಬಂದರು. ಪಶ್ಚಿಮ ಬಂಗಾಳದ ಗಡಿ ಪಟ್ಟಣ ಬನಗಾಂವ್‌ನ ಸುತ್ತ ಶಿಬಿರಗಳು ತುಂಬಿ ತುಳುಕಿದವು. ಮಳೆ, ಕೆಸರು, ಹಸಿವು. ಅದರ ನಡುವೆ ಕಾಲರಾ. ಕಲ್ಕತ್ತದ ಸಂಶೋಧನಾ ಕೇಂದ್ರವೊಂದರಲ್ಲಿದ್ದ ಡಾ. ದಿಲೀಪ್ ಮಹಲನೊಬಿಸ್ ಜೂನ್ ತಿಂಗಳಲ್ಲಿ ಅಲ್ಲಿಗೆ ಹೋದಾಗ ಆಸ್ಪತ್ರೆಯ ಎರಡು ಕೋಣೆಗಳ ನೆಲದ ಮೇಲೆಲ್ಲ ರೋಗಿಗಳು ಮಲಗಿದ್ದರು. ಸಲೈನ್ ಬಾಟಲಿಗಳು ಮುಗಿಯುತ್ತ ಬಂದಿದ್ದವು.

ಅವರ ಮುಂದೆ ಎರಡೇ ದಾರಿ ಇದ್ದವು: ಬಾಟಲಿಗಳು ಬರುವವರೆಗೆ ಕಾಯುವುದು, ಅಥವಾ ತಜ್ಞರ ಸಂಸ್ಥೆಗಳು ಇನ್ನೂ ಒಪ್ಪದ ಒಂದು ವಿಧಾನವನ್ನು ಸಾವಿರಾರು ಜನರ ಮೇಲೆ ಬಳಸುವುದು. ಅವರು ಎರಡನೆಯದನ್ನು ಆರಿಸಿಕೊಂಡರು. ಕಲ್ಕತ್ತದಲ್ಲಿ ಗ್ಲೂಕೋಸ್ 22 ಗ್ರಾಂ, ಅಡುಗೆ ಉಪ್ಪು 3.5 ಗ್ರಾಂ, ಅಡುಗೆ ಸೋಡಾ 2.5 ಗ್ರಾಂ – ಲೀಟರಿಗೆ ಈ ಪ್ರಮಾಣದಲ್ಲಿ ಬೆರೆಸಿ, ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ಗಡಿಗೆ ಸಾಗಿಸಿದರು. ಅಲ್ಲಿ ನಲ್ಲಿ ಜೋಡಿಸಿದ ದೊಡ್ಡ ಡ್ರಮ್‌ಗಳಲ್ಲಿ ಅದನ್ನು ಕದಡಿದರು. ರೋಗಿಯ ತಾಯಿ, ಗಂಡ, ಅಣ್ಣ, ತಂಗಿ ಯಾರಿದ್ದರೋ ಅವರೇ ಲೋಟ ಹಿಡಿದು ಬಂದು ತುಂಬಿಸಿಕೊಂಡು ಹೋಗಿ ಕುಡಿಸಿದರು. ಜನರಿಗೆ ಸಲೈನ್ ಎಂಬ ಹೆಸರು ಗೊತ್ತಿತ್ತು, ಅದರ ಮೇಲೆ ನಂಬಿಕೆಯೂ ಇತ್ತು. ಆದ್ದರಿಂದ ಇದು ‘ಬಾಯಿಂದ ಕುಡಿಯುವ ಸಲೈನ್’ ಎಂದು ಹೇಳಲಾಯಿತು. ಹೆಸರಿನ ಆಯ್ಕೆಯೂ ಚಿಕಿತ್ಸೆಯ ಒಂದು ಭಾಗವೇ ಆಗಿತ್ತು.

ಹೀಗೆ ಚಿಕಿತ್ಸೆ ಪಡೆದ 3,700ಕ್ಕೂ ಹೆಚ್ಚು ರೋಗಿಗಳಲ್ಲಿ ಸತ್ತವರು ಶೇ. 3.6. ಅದಕ್ಕೆ ಮೊದಲು ಅಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿ ಸಾಯುತ್ತಿದ್ದರು. ಈ ವರದಿ 1973ರಲ್ಲಿ ಪ್ರಕಟವಾಯಿತು. 1978ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭೇದಿ ನಿಯಂತ್ರಣಕ್ಕೆಂದೇ ಜಾಗತಿಕ ಕಾರ್ಯಕ್ರಮವನ್ನು ಆರಂಭಿಸಿತು. ಅದೇ ವರ್ಷ ‘ಲ್ಯಾನ್ಸೆಟ್’ ಇದನ್ನು ಆ ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆಯಾಗಬಲ್ಲದ್ದು ಎಂದು ಬಣ್ಣಿಸಿತು. ಮಹಲನೊಬಿಸ್ 2022ರಲ್ಲಿ ನಿಧನರಾದರು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಣೆಯಾಯಿತು.

ಬನಗಾಂವ್ ತೋರಿಸಿಕೊಟ್ಟದ್ದು ಇದು: ಔಷಧವನ್ನು ವೈದ್ಯನೇ ಕುಡಿಸಬೇಕಿಲ್ಲ, ಮನೆಯವರೇ ಕುಡಿಸಬಲ್ಲರು. ಆದರೆ ಅಲ್ಲಿ ಒಂದು ಡ್ರಮ್ ಇತ್ತು, ಅದರ ಪಕ್ಕದಲ್ಲಿ ಒಬ್ಬ ವೈದ್ಯ ಇದ್ದ. ಇವೆರಡೂ ಇಲ್ಲದ ಹಳ್ಳಿಯಲ್ಲಿ?

ಹತ್ತು ವರ್ಷ, ಮನೆಯಿಂದ ಮನೆಗೆ

ಹೊಸದಾಗಿ ಸ್ವತಂತ್ರವಾದ ಬಾಂಗ್ಲಾದೇಶದಲ್ಲಿ 1972ರಲ್ಲಿ ಫಜ್ಲೆ ಹಸನ್ ಅಬೇದ್ ಎಂಬುವರು ‘ಬ್ರ್ಯಾಕ್’ ಎಂಬ ಸ್ವಯಂಸೇವಾ ಸಂಸ್ಥೆಯನ್ನು ಕಟ್ಟಿದ್ದರು. 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಆ ಸಂಸ್ಥೆ ಭೇದಿಯ ಸಾವುಗಳ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ದೇಶದ ಪ್ರತಿಯೊಂದು ಹಳ್ಳಿಗೂ ಸಾಕಾಗುವಷ್ಟು ಪೊಟ್ಟಣಗಳನ್ನು ತಯಾರಿಸಿ ತಲುಪಿಸುವುದು ಆಗ ಆಗುವ ಮಾತಾಗಿರಲಿಲ್ಲ. ಪೊಟ್ಟಣವಿಲ್ಲದೆ, ಮನೆಯಲ್ಲೇ ಇರುವ ಸಾಮಾನಿನಿಂದ ತಾಯಿಯೇ ದ್ರಾವಣ ಮಾಡಿಕೊಳ್ಳಲಾಗುವುದೇ?

ಉಪ್ಪು ಎಲ್ಲ ಮನೆಯಲ್ಲೂ ಇತ್ತು. ಗ್ಲೂಕೋಸಿನ ಬದಲು ಬೆಲ್ಲ. ಬೆಲ್ಲದಲ್ಲಿ ಸ್ವಲ್ಪ ಪೊಟ್ಯಾಸಿಯಮ್ಮೂ ಇರುವುದರಿಂದ ಅದು ಇನ್ನೂ ಒಳ್ಳೆಯದು. ಅಳೆಯುವುದು ಹೇಗೆ? ತಕ್ಕಡಿ, ಅಳತೆಯ ಚಮಚ ಮನೆಗಳಲ್ಲಿ ಇರಲಿಲ್ಲ. ಕೈ ಮಾತ್ರ ಎಲ್ಲರಿಗೂ ಇತ್ತು. ಮೂರು ಬೆರಳಿನಲ್ಲಿ ಎತ್ತಿದ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಬಂಗಾಳಿಯಲ್ಲಿ ಇದು ‘ಲೋಬೊನ್-ಗುಡ್’ ಆಯಿತು, ಉಪ್ಪು-ಬೆಲ್ಲ ಎಂದರ್ಥ.

ವೈದ್ಯರಲ್ಲಿ ಹಲವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರ ಭಯ ನಿರಾಧಾರವೂ ಅಲ್ಲ. ಅಕ್ಷರ ಬಾರದ ತಾಯಿ ಚಿಟಿಕೆಯ ಬದಲು ಹಿಡಿ ಉಪ್ಪು ಹಾಕಿದರೆ ಗತಿ ಏನು? ಈ ಆಕ್ಷೇಪಕ್ಕೆ ಬ್ರ್ಯಾಕ್ ಮಾತಿನಲ್ಲಿ ಉತ್ತರ ಕೊಡಲಿಲ್ಲ, ಅಳೆದು ಕೊಟ್ಟಿತು. ಈ ಭಾಗವನ್ನು ನೀವು ಗಮನವಿಟ್ಟು ಓದಬೇಕು.

1980ರಲ್ಲಿ ಆರಂಭವಾದ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ಮಹಿಳಾ ಕಾರ್ಯಕರ್ತೆಯರು ತಂಡ ತಂಡವಾಗಿ ಹಳ್ಳಿಗಳಿಗೆ ಹೋದರು. ಮನೆಯಂಗಳದಲ್ಲಿ ಕುಳಿತು, ನೆನಪಿಡಬೇಕಾದ ಹತ್ತು ಅಂಶಗಳನ್ನು ತಾಯಿಗೆ ಹೇಳಿಕೊಟ್ಟರು. ಆಮೇಲೆ ತಾಯಿಯ ಕೈಯಿಂದಲೇ ದ್ರಾವಣವನ್ನು ಮಾಡಿಸಿದರು. ಸುಮಾರು ಒಂದು ತಿಂಗಳ ನಂತರ ಬೇರೊಬ್ಬ ಪರಿಶೀಲಕರು ಅದೇ ಹಳ್ಳಿಗೆ ಹೋಗಿ, ಚೀಟಿ ಎತ್ತಿದಂತೆ ಕೆಲವು ಮನೆಗಳನ್ನು ಆರಿಸಿಕೊಂಡು, ಎಷ್ಟು ಅಂಶಗಳು ನೆನಪಿವೆ ಎಂದು ಕೇಳಿದರು. ತಾಯಿ ಮಾಡಿದ ದ್ರಾವಣದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಅದರಲ್ಲಿನ ಉಪ್ಪಿನ ಪ್ರಮಾಣವನ್ನು ಪರೀಕ್ಷಿಸಿದರು. ಕಾರ್ಯಕರ್ತೆಯ ಸಂಬಳ ಈ ಫಲಿತಾಂಶದ ಮೇಲೆ ನಿಂತಿತ್ತು. ತಾಯಿ ಚೆನ್ನಾಗಿ ಕಲಿತಿದ್ದರೆ ಹೆಚ್ಚು ಹಣ. ಕಲಿಯದಿದ್ದರೆ ಆ ಮನೆಯ ಲೆಕ್ಕದಲ್ಲಿ ಏನೂ ಇಲ್ಲ. ಎಷ್ಟು ಮನೆಗೆ ಹೋದಿರಿ ಎಂದು ಯಾರೂ ಕೇಳಲಿಲ್ಲ. ಎಷ್ಟು ತಾಯಂದಿರಿಗೆ ಬಂತು ಎಂದಷ್ಟೇ ಕೇಳಿದರು.

ಫಲಿತಾಂಶ ಆಶಾದಾಯಕವಾಗಿತ್ತು. ಓದು ಬಾರದ ತಾಯಂದಿರು ಅಂಶಗಳನ್ನು ನೆನಪಿಟ್ಟಿದ್ದರು. ಬಹುಪಾಲು ದ್ರಾವಣಗಳು ಸುರಕ್ಷಿತ ಮಿತಿಯೊಳಗಿದ್ದವು. ಇಲ್ಲಿಗೇ ಕಥೆ ಮುಗಿದಿದ್ದರೆ ಅದೊಂದು ಯಶಸ್ಸಿನ ವರದಿಯಾಗಿ ಕಡತ ಸೇರುತ್ತಿತ್ತು. ಆದರೆ ಅವರು ಇನ್ನೊಂದು ಪ್ರಶ್ನೆಯನ್ನೂ ಕೇಳಿದರು: ಮನೆಯಲ್ಲಿ ನಿಜವಾಗಿ ಭೇದಿಯಾದಾಗ ನೀವು ಇದನ್ನು ಮಾಡಿ ಕುಡಿಸಿದಿರಾ?

ಕುಡಿಸಿದವರು ಹತ್ತಕ್ಕೆ ಒಬ್ಬರೂ ಇರಲಿಲ್ಲ.

ಗೊತ್ತಿದ್ದೂ ಮಾಡದಿದ್ದುದೇಕೆ?

ಈ ಉತ್ತರವನ್ನು ಮುಚ್ಚಿಡಬಹುದಿತ್ತು. ತಾಯಂದಿರ ಅಜ್ಞಾನವೆಂದು ತಳ್ಳಿಹಾಕಲೂಬಹುದಿತ್ತು. ಬ್ರ್ಯಾಕ್ ಕಾರಣಗಳನ್ನು ಹುಡುಕಿತು. ದೊರೆತ ಕಾರಣಗಳು ಮೂರು.

ಮೊದಲನೆಯದು, ಕಲಿಸುವವರಿಗೇ ನಂಬಿಕೆ ಇರಲಿಲ್ಲ. ಕಾರ್ಯಕರ್ತೆಯರಲ್ಲಿ ಅನೇಕರು ತಮಗೆ ಭೇದಿಯಾದಾಗ ಮಾತ್ರೆ ನುಂಗುತ್ತಿದ್ದರು. ಉಪ್ಪು-ಬೆಲ್ಲದ ನೀರು ಬಡವರಿಗೆ ಹೇಳುವ ಮಾತು, ತಮಗಲ್ಲ ಎಂಬ ಭಾವನೆ ಅವರಲ್ಲಿತ್ತು. ತಾಯಂದಿರು ಅದನ್ನು ಗ್ರಹಿಸಿದ್ದರೆ ಆಶ್ಚರ್ಯವೇನಿಲ್ಲ. ಕಾರ್ಯಕರ್ತೆಯರನ್ನು ಢಾಕಾಕ್ಕೆ ಕರೆಸಿ, ದ್ರಾವಣ ಕೆಲಸ ಮಾಡುವ ಬಗೆಯನ್ನು ವಿವರಿಸಲಾಯಿತು. ಅವರಿಗೆ ನಂಬಿಕೆ ಬಂದ ಮೇಲೆ ಹಳ್ಳಿಗಳಲ್ಲಿ ಬಳಕೆ ಏರಿತು.

ಎರಡನೆಯದು, ಗಂಡಸರನ್ನು ಯಾರೂ ಮಾತನಾಡಿಸಿರಲಿಲ್ಲ. ಮನೆಯ ಹೆಂಗಸರಿಗೆ ಹೊರಗಿನವರು ಬಂದು ಏನೋ ಹೇಳಿಹೋದರು ಎಂಬುದು ಅವರಿಗೆ ಹಿಡಿಸಿರಲಿಲ್ಲ. ಮಗುವಿಗೆ ಯಾವ ಔಷಧ ತರಬೇಕೆಂದು ನಿರ್ಧರಿಸುವವರು ಅವರೇ. ಆದ್ದರಿಂದ ಸಂತೆಗಳಲ್ಲಿ, ಮಸೀದಿಗಳಲ್ಲಿ, ಶಾಲೆಗಳಲ್ಲಿ ಗಂಡಸರೊಡನೆಯೂ ಮಕ್ಕಳೊಡನೆಯೂ ಮಾತುಕತೆ ಆರಂಭವಾಯಿತು. ರೇಡಿಯೊ, ದೂರದರ್ಶನಗಳೂ ಸಹಾಯಕ್ಕೆ ಬಂದವು.

ಮೂರನೆಯ ಕಾರಣ ಭಾಷೆಗೆ ಸೇರಿದ್ದು. ಹಳ್ಳಿಯ ತಾಯಂದಿರ ಮಾತಿನಲ್ಲಿ ಭೇದಿಗೆ ನಾಲ್ಕು ಹೆಸರುಗಳಿದ್ದವು: ಎದೆಹಾಲು ಕುಡಿಯುವ ಕೂಸಿಗೆ ಆಗುವುದು ಒಂದು, ಅಜೀರ್ಣದ್ದು ಒಂದು, ಆಮಶಂಕೆ ಒಂದು, ‘ಡೈರಿಯಾ’ ಒಂದು. ಈ ಕೊನೆಯ ಹೆಸರನ್ನು ಅವರು ನೀರಿನಂತೆ ಹರಿಯುವ, ಕಾಲರಾದಂಥ ಭೀಕರ ಭೇದಿಗೆ ಮಾತ್ರ ಬಳಸುತ್ತಿದ್ದರು. ಕಾರ್ಯಕರ್ತೆ ‘ಡೈರಿಯಾ ಆದಾಗ ಕುಡಿಸಿ’ ಎಂದಿದ್ದಳು. ತಾಯಿ ಹೇಳಿದ ಮಾತನ್ನು ಸರಿಯಾಗಿಯೇ ಪಾಲಿಸಿದ್ದಳು: ತನ್ನ ಮಗುವಿಗೆ ಆದದ್ದು ಡೈರಿಯಾ ಅಲ್ಲವಾದ್ದರಿಂದ ಕುಡಿಸಿರಲಿಲ್ಲ. ನಮ್ಮ ಮನೆಗಳಲ್ಲೂ ಅಜೀರ್ಣದ ಭೇದಿ, ಹಲ್ಲು ಬರುವಾಗಿನ ಭೇದಿ, ಆಮಶಂಕೆ, ವಾಂತಿಭೇದಿ ಎಂಬ ಬೇರೆ ಬೇರೆ ಹೆಸರುಗಳಿವೆ, ಬೇರೆ ಬೇರೆ ಉಪಚಾರಗಳೂ ಇವೆ. ಒಂದೇ ಪದವನ್ನು ಹೇಳಿ ಎಲ್ಲರಿಗೂ ಒಂದೇ ಅರ್ಥವಾಯಿತೆಂದು ತಿಳಿಯುವುದು ಎಷ್ಟು ತಪ್ಪು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ದೂರದರ್ಶನದಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಈ ಪುಟಗಳು ಸ್ವಲ್ಪ ಮುಜುಗರ ತರುತ್ತವೆ. ಒಂದು ಆರೋಗ್ಯ ಕಾರ್ಯಕ್ರಮ ಪ್ರಸಾರವಾದೊಡನೆ ನಮ್ಮ ಕೆಲಸ ಮುಗಿಯಿತೆಂದು ನಾವು ಬರೆದಿಡುತ್ತೇವೆ. ಇಷ್ಟು ನಿಮಿಷ, ಇಷ್ಟು ಜಿಲ್ಲೆ, ಇಷ್ಟು ವೀಕ್ಷಕರು. ನೋಡಿದವರ ಮನೆಯಲ್ಲಿ ಮಾರನೆಯ ದಿನ ಏನು ಬದಲಾಯಿತು ಎಂಬ ಅಂಕಣ ನಮ್ಮ ಕಡತದಲ್ಲಿಲ್ಲ. ಬ್ರ್ಯಾಕ್‌ನ ಕಾರ್ಯಕ್ರಮ ತನ್ನ ಕಡತದಲ್ಲಿ ಆ ಅಂಕಣವನ್ನು ಮೊದಲು ಹಾಕಿತು, ಅದು ಖಾಲಿ ಉಳಿದಾಗ ತನ್ನ ವಿಧಾನವನ್ನು ಬದಲಿಸಿತು.

1990ರಲ್ಲಿ ಕಾರ್ಯಕ್ರಮ ಮುಗಿಯುವ ಹೊತ್ತಿಗೆ 1.2 ಕೋಟಿಗೂ ಹೆಚ್ಚು ಮನೆಗಳಲ್ಲಿ ಈ ಪಾಠ ನಡೆದಿತ್ತು. ಮುಂದೆ ಪೊಟ್ಟಣಗಳು ಅಂಗಡಿಗಳಿಗೆ ಬಂದಾಗ ಜನ ಅವನ್ನು ಸುಲಭವಾಗಿ ಕೈಗೆತ್ತಿಕೊಂಡರು, ಏಕೆಂದರೆ ಪೊಟ್ಟಣದೊಳಗೆ ಏನಿದೆ, ಏಕಿದೆ ಎಂಬುದು ಅವರಿಗೆ ಆಗಲೇ ಗೊತ್ತಿತ್ತು. ಭೇದಿಯಾದ ಮಕ್ಕಳಿಗೆ ಈ ದ್ರಾವಣವನ್ನು ಕೊಡುವುದರಲ್ಲಿ ಬಾಂಗ್ಲಾದೇಶ ಪ್ರಪಂಚದ ಮುಂಚೂಣಿಯ ದೇಶಗಳಲ್ಲಿ ಒಂದಾಯಿತು. ಅಲ್ಲಿ ಐದು ವರ್ಷ ತುಂಬುವ ಮೊದಲೇ ಸಾಯುವ ಮಕ್ಕಳ ಸಂಖ್ಯೆ 1990ರಲ್ಲಿ ಸಾವಿರಕ್ಕೆ ಸುಮಾರು 145 ಇದ್ದದ್ದು 2022ರಲ್ಲಿ ಸುಮಾರು 30ಕ್ಕೆ ಇಳಿದಿತ್ತು.

ಉಪ್ಪು-ಬೆಲ್ಲ ಮಾಡಲಾಗದ್ದು

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಈ ದ್ರಾವಣ ಸಾವನ್ನು ತಡೆಯುತ್ತದೆ, ಭೇದಿಯನ್ನು ತಡೆಯುವುದಿಲ್ಲ. ಭೇದಿಗೆ ಕಾರಣ ಕಲುಷಿತ ನೀರು, ಶೌಚದ ಅವ್ಯವಸ್ಥೆ ಮತ್ತು ಅಪೌಷ್ಟಿಕತೆ. ಅವು ಇರುವವರೆಗೆ ಅದೇ ಮಗು ಮತ್ತೆ ಮತ್ತೆ ಮಲಗುತ್ತದೆ.

1994ರ ಜುಲೈಯಲ್ಲಿ ರುವಾಂಡದಿಂದ ಲಕ್ಷಾಂತರ ನಿರಾಶ್ರಿತರು ಕೆಲವೇ ದಿನಗಳಲ್ಲಿ ಆಗಿನ ಜೈರ್ ದೇಶದ ಗೋಮಾ ಪಟ್ಟಣದ ಸುತ್ತ ಬಂದು ಸೇರಿದರು. ಬನಗಾಂವ್ ನಡೆದು 23 ವರ್ಷವಾಗಿತ್ತು. ಚಿಕಿತ್ಸೆ ಪಠ್ಯಪುಸ್ತಕ ಸೇರಿತ್ತು. ಆದರೂ ಮೊದಲ ಒಂದು ತಿಂಗಳಲ್ಲಿ ಸುಮಾರು 50,000 ಮಂದಿ ಸತ್ತರು, ಬಹುಪಾಲು ಕಾಲರಾ ಮತ್ತು ರಕ್ತಭೇದಿಯಿಂದ. ಅಲ್ಲಿ ಕುಡಿಯಲು ಶುದ್ಧ ನೀರೇ ಇರಲಿಲ್ಲ. ನೀರಿಲ್ಲದ ಕಡೆ ಪುಡಿಯನ್ನು ಯಾವುದರಲ್ಲಿ ಕದಡುವುದು?

ಬಾಂಗ್ಲಾದೇಶದ ಅನುಭವದಲ್ಲೇ ಇನ್ನೊಂದು ಎಚ್ಚರಿಕೆ ಇದೆ. ಕೆರೆ, ಹೊಳೆಗಳ ಕಲುಷಿತ ನೀರನ್ನು ತಪ್ಪಿಸಲೆಂದು ಅಲ್ಲಿ 1970ರ ದಶಕದಿಂದ ಲಕ್ಷಾಂತರ ಕೊಳವೆ ಬಾವಿಗಳನ್ನು ಕೊರೆಯಲಾಯಿತು. ಆ ನೀರಿನಲ್ಲಿ ರೋಗಾಣುಗಳು ಕಡಿಮೆ ಇದ್ದವು. ಆದರೆ ಹಲವು ಪ್ರದೇಶಗಳಲ್ಲಿ ಅದರೊಳಗೆ ನಿಸರ್ಗಸಹಜವಾದ ಆರ್ಸೆನಿಕ್ ವಿಷ ಇತ್ತು. ಅದು 1993ರಲ್ಲಿ ಪರೀಕ್ಷೆಯಿಂದ ದೃಢಪಟ್ಟಿತು. ಅಷ್ಟರಲ್ಲಿ ಕೋಟ್ಯಂತರ ಜನ ಆ ನೀರನ್ನು ಕುಡಿಯುತ್ತಿದ್ದರು. ಬಾವಿಗಳನ್ನು ಎಣಿಸಲಾಗಿತ್ತು, ನೀರಿನೊಳಗೆ ಏನಿದೆ ಎಂದು ಪೂರ್ತಿ ಪರೀಕ್ಷಿಸಿರಲಿಲ್ಲ. ಒಂದೇ ದೇಶದ ಈ ಎರಡು ಅನುಭವಗಳನ್ನು ಜೊತೆಗಿಟ್ಟು ಓದಿದರೆ, ಒಳ್ಳೆಯ ಉದ್ದೇಶದ ಕೆಲಸವನ್ನೂ ಕೊನೆಯವರೆಗೆ ಪರೀಕ್ಷಿಸುತ್ತಲೇ ಇರಬೇಕು ಎಂಬುದು ತಿಳಿಯುತ್ತದೆ.

ವಿಜ್ಞಾನವೂ ನಿಂತಿಲ್ಲ. 2002ರಲ್ಲಿ ಉಪ್ಪು ಮತ್ತು ಗ್ಲೂಕೋಸಿನ ಪ್ರಮಾಣವನ್ನು ತಗ್ಗಿಸಿದ ಹೊಸ ಸೂತ್ರ ಬಂತು. ನಿಮ್ಮ ಕೈಯ ಪೊಟ್ಟಣದಲ್ಲಿರುವುದು ಅದೇ. 2004ರಿಂದ ಇದರ ಜೊತೆಗೆ ಮಕ್ಕಳಿಗೆ 10ರಿಂದ 14 ದಿನ ಸತುವಿನ ಮಾತ್ರೆಯನ್ನೂ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ ಸಲಹೆ ಮಾಡಿವೆ.

ನಿಮಗೊಂದು ಕೆಲಸ

ಈಗ ನಮ್ಮ ಮನೆಯ ಕಡೆಗೆ ಬರೋಣ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ಭೇದಿಯಾದ ಐದು ವರ್ಷದೊಳಗಿನ ಮಕ್ಕಳಲ್ಲಿ ಓ.ಆರ್.ಎಸ್. ದೊರೆತದ್ದು ಶೇ. 60.6ರಷ್ಟು ಮಕ್ಕಳಿಗೆ. ಅಂದರೆ ಹತ್ತು ಮಕ್ಕಳಲ್ಲಿ ನಾಲ್ಕಕ್ಕೆ ದೊರೆಯಲಿಲ್ಲ. ಗಡಿಯಾಚೆಗೂ ಈಚೆಗೂ ಸೇರಿದ ಬಂಗಾಳದ ನೆಲದಲ್ಲಿ ಹುಟ್ಟಿದ ಈ ಚಿಕಿತ್ಸೆ ಅರ್ಧ ಶತಮಾನ ಕಳೆದರೂ ನಮ್ಮ ಎಲ್ಲ ಮಕ್ಕಳನ್ನು ಮುಟ್ಟಿಲ್ಲ.

ಬ್ರ್ಯಾಕ್ ಕೇಳಿದ ಪ್ರಶ್ನೆಗಳನ್ನು ನೀವೂ ಕೇಳಬಹುದು. ನಿಮ್ಮ ಬೀದಿಯಲ್ಲಿ ಪುಟ್ಟ ಮಕ್ಕಳಿರುವ ಹತ್ತು ಮನೆಗಳನ್ನು ಆರಿಸಿಕೊಳ್ಳಿ. ಓ.ಆರ್.ಎಸ್. ಗೊತ್ತೇ? ಮಾಡಿ ತೋರಿಸುವಿರಾ? ಕಳೆದ ಸಲ ಮಗುವಿಗೆ ಭೇದಿಯಾದಾಗ ಕುಡಿಸಿದಿರಾ? ಮೂರೂ ಉತ್ತರಗಳನ್ನು ಬೇರೆ ಬೇರೆ ಬರೆದುಕೊಳ್ಳಿ. ಮಗುವಿನ ಭೇದಿಯನ್ನು ಅವರು ಯಾವ ಹೆಸರಿನಿಂದ ಕರೆದರು ಎಂಬುದನ್ನೂ ಮರೆಯದೆ ಬರೆದುಕೊಳ್ಳಿ. ಎದುರಿನವರು ತಪ್ಪು ಹೇಳಿದರೆ ನಗಬೇಡಿ.

ಪೊಟ್ಟಣವಿದ್ದರೆ ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಪೂರ್ತಿ ಪೊಟ್ಟಣವನ್ನು ಕದಡಬೇಕು, ಅರ್ಧ ಹಾಕಬಾರದು. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮತಟ್ಟಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದಕ್ಕಿಂತ ಉಪ್ಪು ಹೆಚ್ಚಾಗಬಾರದು. ಮಾಡಿದ ದ್ರಾವಣವನ್ನು 24 ಗಂಟೆಯ ನಂತರ ಚೆಲ್ಲಬೇಕು. ಎದೆಹಾಲನ್ನೂ ಊಟವನ್ನೂ ನಿಲ್ಲಿಸಬಾರದು. ಮಗು ಕುಡಿಯಲಾರದಷ್ಟು ಬಳಲಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿ ಬಿದ್ದು ಮಂಪರು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಿಮ್ಮ ಹತ್ತು ಮನೆಗಳ ಉತ್ತರಗಳಲ್ಲಿ ಎರಡನೆಯ ಅಂಕಣಕ್ಕೂ ಮೂರನೆಯ ಅಂಕಣಕ್ಕೂ ಎಷ್ಟು ಅಂತರ ಬಂತೆಂದು ನೋಡಿ. ಆ ಅಂತರಕ್ಕೆ ಕಾರಣವೇನೆಂದು ಅದೇ ತಾಯಂದಿರನ್ನು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ನಿಮ್ಮ ಊರಿನ ಆರೋಗ್ಯ ಕಾರ್ಯಕರ್ತೆಗೆ ಆ ಹಾಳೆಯ ಒಂದು ಪ್ರತಿಯನ್ನು ಕೊಟ್ಟುಬನ್ನಿ. ಅವರಿಗೆ ಅದು ಖಂಡಿತ ಉಪಯೋಗಕ್ಕೆ ಬರುತ್ತದೆ.